ಮೊದಲು ನೆರಳು, ಆಮೇಲೆ ನೋಟ: ಆನೆಗೊಂದಿ ಸೀಮೆಯಲ್ಲಿ ಗುಂಪಾಗಿ ಬಯಲು ಚಿತ್ರ ಬಿಡಿಸುವ ಕ್ರಮ

ಕೊಪ್ಪಳ ಜಿಲ್ಲೆಯಲ್ಲಿ ಹೊರಗೆ ಕುಳಿತು ಚಿತ್ರ ಬಿಡಿಸಬೇಕೆನ್ನುವವರಿಗೆ ನೋಟದ ಕೊರತೆಯಿಲ್ಲ, ಕೊರತೆಯಿರುವುದು ನೆರಳಿಗೆ. ಗಂಗಾವತಿಯಿಂದ ಆನೆಗೊಂದಿಯ ಕಡೆಗೆ ಹೊರಟರೆ ಬಂಡೆಗುಡ್ಡ, ಭತ್ತದ ಗದ್ದೆ, ಬಾಳೆತೋಟ, ಕಾಲುವೆ, ಹಾಳುಮಂಟಪಗಳು ಒಂದರ ಹಿಂದೊಂದು ಎದುರಾಗುತ್ತವೆ. ಮೊದಲ ಸಲ ಬಂದವರು ತಮಗೆ ಎಲ್ಲಕ್ಕಿಂತ ಚೆಂದ ಕಂಡ ಕಡೆ ಹಲಗೆ ಬಿಚ್ಚಿ ಕೂಡುತ್ತಾರೆ. ಸ್ವಲ್ಪ ಹೊತ್ತಿಗೆ ಬಿಸಿಲು ಬೆನ್ನನ್ನು ಸುಡತೊಡಗಿ, ಬಣ್ಣ ತಟ್ಟೆಯಲ್ಲೇ ಗಟ್ಟಿಯಾಗಿ, ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ನಮ್ಮ ಹವ್ಯಾಸಿಗಳ ಗುಂಪಿನಲ್ಲಿ ಒಂದು ಕಟ್ಟಳೆಯನ್ನು ಮಾಡಿಕೊಂಡಿದ್ದೇವೆ: ಕೂಡುವ ನೆರಳನ್ನು ಮೊದಲು ಗೊತ್ತುಮಾಡಿಕೊಳ್ಳುವುದು, ಆ ನೆರಳಿನಿಂದ ಏನು ಕಾಣುತ್ತದೆಯೋ ಅದನ್ನೇ ಬರೆಯುವುದು. ಹೊಸದಾಗಿ ಇಂಥ ಗುಂಪು ಕಟ್ಟುವವರಿಗೆ ಉಪಯೋಗವಾದೀತೆಂದು ಈ ಕಟ್ಟಳೆಯ ವಿವರಗಳನ್ನು ಇಲ್ಲಿ ಬರೆದಿದ್ದೇನೆ.

ಗುಂಪು ಮತ್ತು ಹೊತ್ತು

ಗುಂಪಿಗೆ 8ರಿಂದ 12 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಒಂದೇ ಮರದಡಿ ಎಲ್ಲರೂ ಹಿಡಿಸುವುದಿಲ್ಲ, ಊಟಕ್ಕೂ ವಾಹನಕ್ಕೂ ಹೊಂದಿಸುವುದರಲ್ಲಿಯೇ ಬೆಳಗು ಕಳೆದುಹೋಗುತ್ತದೆ. ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಬ್ಯಾಂಕಿನ ನೌಕರರು, ಫ್ಲೆಕ್ಸ್ ಬರುವುದಕ್ಕೆ ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳು, ಕಾಲೇಜಿನ ಹುಡುಗಿಯರು, ಹೀಗೆ ಬೇರೆಬೇರೆ ಕೈಗಳು ಕೂಡಿದಷ್ಟೂ ಒಳ್ಳೆಯದು. ನನ್ನ ಅನುಭವದಲ್ಲಿ ಈ ಎಲ್ಲರಿಗಿಂತ ಬಯಲಿನಲ್ಲಿ ಬೇಗ ಪಳಗುವವರು ಬೋರ್ಡು ಬರೆದವರೇ. ಏಣಿಯ ಮೇಲೆ ನಿಂತು, ಬಿಸಿಲಿನಲ್ಲಿ, ಕೆಳಗೆ ಜನ ನೋಡುತ್ತಿರುವಾಗ ಒಂದೇ ಎಳೆಯಲ್ಲಿ ಗೆರೆ ಎಳೆದು ಅಭ್ಯಾಸವಾದ ಕೈ ಅದು. ಮನೆಯ ಮೇಜಿನ ಮೇಲೆ ರಬ್ಬರು ತಿಕ್ಕುತ್ತ ಕಲಿತವರಿಗೆ ಆ ಧೈರ್ಯ ಬರಲು ಒಂದೆರಡು ವರ್ಷ ಬೇಕಾಗುತ್ತದೆ.

ಹೋಗುವ ಜಾಗವನ್ನು ವಾಟ್ಸಾಪಿನಲ್ಲಿ ಮತ ಹಾಕಿ ತೀರ್ಮಾನಿಸುವ ಬದಲು, ಹಿಂದಿನ ಭಾನುವಾರ ಅದೇ ಹೊತ್ತಿಗೆ ಒಬ್ಬರು ಹೋಗಿ ನೋಡಿಕೊಂಡು ಬರುವುದು ಉತ್ತಮ. ಅವರು ನೋಡಬೇಕಾದದ್ದು ದೃಶ್ಯವನ್ನಲ್ಲ. ಬೆಳಗಿನ 7 ಗಂಟೆಗೆ ನೆರಳು ಎಲ್ಲಿದೆ, 9 ಗಂಟೆಗೆ ಎಲ್ಲಿಗೆ ಸರಿಯುತ್ತದೆ, ಕುಡಿಯುವ ನೀರು ಎಷ್ಟು ದೂರ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ, ಬಂಡೆಯ ಸಂದಿಯಲ್ಲಿ ಹೆಜ್ಜೇನಿನ ಗೂಡು ಇದೆಯೇ ಎಂಬುದನ್ನು ನೋಡಬೇಕು. ಹೆಜ್ಜೇನು ಕಂಡರೆ ಆ ಜಾಗವನ್ನು ಬಿಟ್ಟುಬಿಡುವುದೇ ಸರಿ. ಅದರ ಹತ್ತಿರ ಹೊಗೆ ಹಾಕುವುದಾಗಲಿ ಗದ್ದಲ ಮಾಡುವುದಾಗಲಿ ಕೂಡದು. ಈ ಬಂಡೆಗುಡ್ಡಗಳಲ್ಲಿ ಕರಡಿಗಳೂ ಚಿರತೆಗಳೂ ಇರುವುದರಿಂದ ನಸುಕಿನಲ್ಲಿ ಒಬ್ಬರೇ ಗುಡ್ಡ ಹತ್ತಬಾರದು, ಸಂಜೆಯಾದರೆ ಹೊತ್ತು ಮುಳುಗುವ ಮೊದಲೇ ಇಳಿದುಬಿಡಬೇಕು. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಕುಂಚ ತೊಳೆಯಲೆಂದು ನೀರಿನಂಚಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂಡುವುದು ಬೇಡ. ನೀರನ್ನು ಡಬ್ಬಿಯಲ್ಲಿ ಮನೆಯಿಂದಲೇ ತರಬೇಕು.

ಹೊತ್ತಿನ ಲೆಕ್ಕ ಸರಳವಾಗಿದೆ. ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಾನೆ; ಎರಡು ಗಂಟೆಯಲ್ಲಿ ಬಂಡೆಯ ಮೇಲಿನ ನೆರಳು ಗುರುತು ಸಿಗದಷ್ಟು ಬದಲಾಗಿರುತ್ತದೆ. ಆದ್ದರಿಂದ ಒಂದು ಚಿತ್ರಕ್ಕೆ ಎರಡು ಗಂಟೆಗಿಂತ ಹೆಚ್ಚು ಕೊಡಬಾರದು. ನವೆಂಬರಿನಿಂದ ಫೆಬ್ರುವರಿಯವರೆಗೆ ಬೆಳಗಿನ ಆರೂವರೆಗೆ ಸೇರಿ, ಏಳಕ್ಕೆ ಶುರುಮಾಡಿ, ಒಂಬತ್ತಕ್ಕೆ ಕುಂಚ ಕೆಳಗಿಡುವುದು ನಮ್ಮ ರೂಢಿ. ಮಾರ್ಚ್ ಕಳೆದ ಮೇಲೆ ಬಯಲಿನ ಆಸೆಯನ್ನೇ ಬಿಡಬೇಕು. ಬಿಸಿಲು 40 ಡಿಗ್ರಿ ದಾಟುವುದಂತೂ ಸರಿಯೇ, ಅದಕ್ಕಿಂತ ಚಿತ್ರಗಾರನಿಗೆ ಮುಖ್ಯವಾದ ಕಾರಣ ಇನ್ನೊಂದಿದೆ: ನಮ್ಮ ಸೀಮೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಆರಂಭದಲ್ಲಿಯೂ ಮತ್ತೆ ಆಗಸ್ಟಿನ ಎರಡನೆಯ ವಾರದ ಸುಮಾರಿಗೂ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಬಂಡೆಗೆ ಪಕ್ಕದ ನೆರಳೇ ಇರುವುದಿಲ್ಲ. ನೆರಳಿಲ್ಲದ ಬಂಡೆ ಕಾಗದದ ಮೇಲೆ ಆಲೂಗಡ್ಡೆಯಂತೆ ಕಾಣುತ್ತದೆ.

ಆ ತಿಂಗಳುಗಳಲ್ಲಿ ನಾವು ನಮ್ಮ ಜಿಲ್ಲೆಯದೇ ಆದ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗುತ್ತೇವೆ. 1112ರಲ್ಲಿ ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಈ ಗುಡಿಯ ತೆರೆದ ಮಂಟಪದಲ್ಲಿ ನೆರಳಿನಲ್ಲಿ ಕುಳಿತು, ಕಡೆದ ಕಂಬಗಳ ಬಳೆಗಳನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು ಕೈಗೆ ಒಳ್ಳೆಯ ವ್ಯಾಯಾಮ. ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡ್ ನಿಲ್ಲಿಸುವ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಬೇಕು, ಬಣ್ಣವನ್ನಂತೂ ಚೀಲದಿಂದ ಹೊರಗೆ ತೆಗೆಯಲೇಬಾರದು. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಕಾಯ್ದೆಯ ಈಗಿನ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಕಾಯ್ದೆಯ ಮಾತು ಹಾಗಿರಲಿ, ಒಂಬತ್ತು ಶತಮಾನ ನಿಂತ ಕಲ್ಲಿನ ಮೇಲೆ ನಮ್ಮ ನೀಲಿ ಬಣ್ಣ ಸಿಡಿಯುವುದು ನಮಗೇ ಮರ್ಯಾದೆಯಲ್ಲ. ಗೆರೆಯ ಅಭ್ಯಾಸಕ್ಕೆಂದು ಒಮ್ಮೆ ರಾಯಚೂರು ಕೋಟೆಗೂ ಹೋಗಿಬರಬೇಕು. ಅಲ್ಲಿ 1294ರ ಶಾಸನವಿರುವ ಭಾರಿ ಚಪ್ಪಡಿಯ ಮೇಲೆ, ಆ ಚಪ್ಪಡಿಯನ್ನೇ ಅನೇಕ ಗಾಲಿಗಳ ಬಂಡಿಯಲ್ಲಿಟ್ಟು ಕೋಣಗಳ ಸಾಲು ಎಳೆದುತಂದ ದೃಶ್ಯವನ್ನು ಬರಿಯ ಗೆರೆಯಲ್ಲಿ ಕೊರೆದಿದ್ದಾರೆ. ಕಣ್ಣೆದುರಿನ ಕೆಲಸವನ್ನು ಅಲ್ಲಿಯೇ ಚಿತ್ರ ಮಾಡಿಟ್ಟ ಆ ಕೈ ನಮ್ಮಂಥ ಗುಂಪಿಗೆ ಹಿರಿಯಣ್ಣನೆಂದೇ ನಾನು ತಿಳಿದಿದ್ದೇನೆ.

ಕೂಡುವ ದಿಕ್ಕು

ಆನೆಗೊಂದಿ ತುಂಗಭದ್ರೆಯ ಉತ್ತರ ದಡದಲ್ಲಿದೆ, ಹಂಪಿ ದಕ್ಷಿಣ ದಡದಲ್ಲಿದೆ. ಈ ಚಿಕ್ಕ ಸಂಗತಿ ನಮ್ಮ ಕಡೆಯ ಚಿತ್ರಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಇರುವುದರಿಂದ, ನಮ್ಮ ದಡದಿಂದ ಹೊಳೆಯಾಚೆ ನೋಡಿದಾಗ ಬಂಡೆಗಳ ನೆರಳಿನ ಮುಖವೇ ನಮಗೆ ಕಾಣುತ್ತದೆ. ಅಂಚಿನಲ್ಲಿ ಮಾತ್ರ ಬೆಳಕಿನ ಎಳೆ, ಕೆಳಗೆ ಹೊಳೆಯ ನೀರಿನಲ್ಲಿ ಕಣ್ಣು ಕೋರೈಸುವ ಹೊಳಪು. ಈ ನೋಟವನ್ನು ಬರೆಯುವವರು ಬಂಡೆಗೆ ಬಣ್ಣ ಹುಡುಕಲು ಹೋಗದೆ, ದೂರದ ಗುಡ್ಡ, ನಡುವಿನ ಗುಡ್ಡ, ಹತ್ತಿರದ ಗುಡ್ಡ ಎಂದು ಮೂರು ಬೂದುಗಳ ಪದರಾಗಿ ಬರೆದರೆ ಸಾಕು, ಚಿತ್ರ ತಾನಾಗಿ ನಿಲ್ಲುತ್ತದೆ. ಬಂಡೆಯ ಬಣ್ಣವೂ ಬಿರುಕೂ ಬೇಕೆನ್ನುವವರು ಹೊಳೆಗೆ ಬೆನ್ನು ಮಾಡಿ, ಗದ್ದೆಗಳ ಕಡೆಯಿಂದ ಉತ್ತರಕ್ಕೆ, ಅಂದರೆ ಅಂಜನಾದ್ರಿಯ ಕಡೆಗೆ ತಿರುಗಿ ಕೂಡಬೇಕು. ಆಗ ಬೆಳಕು ನಮ್ಮ ಬೆನ್ನಿನಿಂದ ಬರುತ್ತದೆ. ಹೊಸಬರನ್ನು ಈ ಎರಡನೆಯ ಕಡೆ ಕೂಡಿಸುವ ಪದ್ಧತಿಯಿದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಬೆಳಕಿಗೆ ಎದುರಾಗಿ ಬರೆಯುವಾಗ ವಿವರಗಳು ಕಾಣದೇ ಇರುವುದರಿಂದ ಅವುಗಳ ಆಸೆಯೂ ಹುಟ್ಟುವುದಿಲ್ಲ. ಕಲಿಯುವವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ?

ಹಲಗೆಯ ಮೇಲೆ ನೇರ ಬಿಸಿಲು ಬೀಳಬಾರದು. ಬಿಸಿಲಿನಲ್ಲಿ ಬಿಳಿ ಕಾಗದ ಝಗಝಗಿಸುವುದರಿಂದ ನಾವು ಅರಿವಿಲ್ಲದೆ ಬಣ್ಣವನ್ನು ಗಾಢವಾಗಿ ಹಾಕುತ್ತ ಹೋಗುತ್ತೇವೆ, ಮನೆಗೆ ಬಂದು ನೋಡಿದರೆ ಇಡೀ ಚಿತ್ರ ಮಸಿ ಬಳಿದಂತಿರುತ್ತದೆ. ಮರವಿಲ್ಲದ ಕಡೆ ಕೊಡೆ ಬೇಕು, ಆ ಕೊಡೆ ಬಿಳಿಯದೋ ಬೂದಿಯದೋ ಆಗಿರಬೇಕು. ನಾನು ಮೊದಲ ವರ್ಷ ಜಾತ್ರೆಯಲ್ಲಿ ಕೊಂಡ ಕೆಂಪು ಕೊಡೆಯ ಕೆಳಗೆ ಕುಳಿತು ಬಹಳ ತೃಪ್ತಿಯಿಂದ ಒಂದು ಭತ್ತದ ಗದ್ದೆ ಬರೆದಿದ್ದೆ. ಕೊಡೆ ಮಡಚಿದ ಮೇಲೆ ನೋಡಿದರೆ ಗದ್ದೆಯ ಹಸಿರು ಸುಣ್ಣ ಕಲಸಿದಂತೆ ತಣ್ಣಗಾಗಿ, ಎಲ್ಲಿಯೂ ಕೆಂಪಿನ ಸುಳಿವಿರಲಿಲ್ಲ. ಕೊಡೆಯ ಕೆಂಪು ಕಾಗದದ ಮೇಲೆ ಬಿದ್ದದ್ದನ್ನು ನನ್ನ ಬಣ್ಣದ ಕೆಂಪೆಂದೇ ಎಣಿಸಿದ್ದೆ. ಬಾಳೆತೋಟದ ನೆರಳು ತಂಪಾಗಿದ್ದರೂ ಅಲ್ಲಿ ಇದೇ ತೊಂದರೆ ಹಸಿರಿನಿಂದ ಬರುತ್ತದೆ. ಬೇವು, ಹುಣಸೆಗಳ ನೆರಳೇ ಉತ್ತಮ.

ಹೊಲಗದ್ದೆಯ ಬದುವಿನ ಮೇಲೆ ಕೂಡುವ ಮೊದಲು ಹೊಲದವರನ್ನು ಮಾತನಾಡಿಸಬೇಕು. "ಯಜಮಾನ್ರ, ಒಂದೆರಡು ತಾಸು ಇಲ್ಲಿ ಕುಂತು ಚಿತ್ರ ತೆಗಿತೀವ್ರೀ" ಎಂದು ಕೇಳಿದರೆ ಬೇಡವೆಂದವರನ್ನು ನಾನು ಕಂಡಿಲ್ಲ. ನಾಟಿ ಮಾಡುವ ಹೆಣ್ಣುಮಕ್ಕಳನ್ನು ಬರೆಯುವುದಿದ್ದರೆ ಅವರನ್ನೂ ಕೇಳಬೇಕು. ದೂರದಿಂದ ಫೋನಿನಲ್ಲಿ ಚಿತ್ರ ಹಿಡಿದು ಆಮೇಲೆ ಬರೆಯುವುದು ಸಲ್ಲದು. "ಏನ್ ಬರಿಯಾಕತ್ತೀರ್ರೀ?" ಎಂದು ಬರುವ ಮಕ್ಕಳಿಗೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಪಕ್ಕದಲ್ಲಿ ಕೂಡಿಸಿಕೊಂಡರೆ ಅವರೂ ಸುಮ್ಮನಾಗುತ್ತಾರೆ, ಕೆಲವೊಮ್ಮೆ ನಮಗಿಂತ ಚೆನ್ನಾಗಿ ಬಂಡೆ ಬರೆಯುತ್ತಾರೆ.

ಕಾಗದ, ನೀರು, ಬಣ್ಣ

ಹೊರಗಿನ ಕೆಲಸಕ್ಕೆ ಜಲವರ್ಣವೇ ಹಗುರ. ತೈಲವರ್ಣದ ಚಿತ್ರ ಒಣಗಲು ದಿನಗಟ್ಟಲೆ ಬೇಕು, ಹಸಿ ಚಿತ್ರವನ್ನು ಬಸ್ಸಿನಲ್ಲಿ ಹೊತ್ತು ತರುವುದು ಸಹಪ್ರಯಾಣಿಕರ ಬಟ್ಟೆಗೆ ಅಪಾಯ. ಅಕ್ರಿಲಿಕ್ ನಮ್ಮ ಒಣಗಾಳಿಯಲ್ಲಿ ಕುಂಚದ ಮೇಲೆಯೇ ಒಣಗಿ ಕುಂಚವನ್ನು ಕೆಡಿಸುತ್ತದೆ.

ದುಡ್ಡು ಉಳಿಸಬೇಕಾದದ್ದು ಬಣ್ಣದಲ್ಲಿ, ಕಾಗದದಲ್ಲಲ್ಲ. 300 ಜಿ.ಎಸ್.ಎಂ. (ಚದರ ಮೀಟರಿಗೆ 300 ಗ್ರಾಂ) ತೂಕದ, ಪೂರ್ಣ ಹತ್ತಿಯ ಕಾಗದವನ್ನೇ ಕೊಳ್ಳಬೇಕು. 22 ಇಂಚು ಅಗಲ, 30 ಇಂಚು ಉದ್ದದ ಒಂದು ದೊಡ್ಡ ಹಾಳೆಯನ್ನು ಎಂಟು ಸಮಭಾಗ ಮಾಡಿದರೆ ಏಳೂವರೆ ಇಂಚು, 11 ಇಂಚಿನ ಎಂಟು ತುಂಡುಗಳು ಸಿಗುತ್ತವೆ. ಎಂಟು ಜನರ ಗುಂಪು ಒಂದು ಹಾಳೆಯ ಬೆಲೆಯನ್ನು ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಎರಡು ಗಂಟೆಯ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಅಳತೆ ಬೇಕಾಗಿಯೂ ಇಲ್ಲ. ಶಾಲೆಯ ತೆಳು ಡ್ರಾಯಿಂಗ್ ಶೀಟಿನ ಮೇಲೆ ನೀರು ಹರಿಸಿದರೆ ಅದು ಹಪ್ಪಳದಂತೆ ಉಬ್ಬಿ, ತಗ್ಗಿನಲ್ಲೆಲ್ಲ ಬಣ್ಣ ನಿಲ್ಲುತ್ತದೆ.

ನಮ್ಮ ಕಡೆಯ ದೊಡ್ಡ ತೊಡಕೆಂದರೆ ಒಣಗುವ ವೇಗ. ಆಕಾಶದ ನೀಲಿಯನ್ನು ಎಡದಿಂದ ಬಲಕ್ಕೆ ಎಳೆದು ಮುಗಿಸುವಷ್ಟರಲ್ಲಿ ಎಡಭಾಗ ಒಣಗಿ ಗಡುಸಾದ ಗೆರೆ ಬಿದ್ದಿರುತ್ತದೆ. ಇದಕ್ಕೆ ಉಪಾಯವೆಂದರೆ ಕಾಗದವನ್ನು ಮುಂಭಾಗಕ್ಕೂ ಹಿಂಭಾಗಕ್ಕೂ ಅಗಲ ಕುಂಚದಿಂದ ಚೆನ್ನಾಗಿ ತೋಯಿಸಿ, ನೀರು ಹೀರದ ಪ್ಲಾಸ್ಟಿಕ್ ಹಲಗೆಯ ಮೇಲೆ ಹರಡುವುದು. ಹಿಂದಿನ ತೇವ ಮುಂದಿನದನ್ನು ಕಾಯುತ್ತದೆ, ಆಕಾಶ ಮತ್ತು ದೂರದ ಗುಡ್ಡಗಳನ್ನು ಆತುರವಿಲ್ಲದೆ ಮುಗಿಸಲು ಸಮಯ ಸಿಗುತ್ತದೆ. ಗಿಡಕ್ಕೆ ನೀರು ಚಿಮುಕಿಸುವ ಸಣ್ಣ ಸ್ಪ್ರೇ ಬಾಟಲಿಯೂ ಜೊತೆಗಿರಲಿ. ಬಣ್ಣದ ನೀರಿಗೆ ಔಷಧಿ ಅಂಗಡಿಯ ಗ್ಲಿಸರಿನ್ ಎರಡು ಮೂರು ಹನಿ ಹಾಕಿದರೆ ಒಣಗುವುದು ಇನ್ನಷ್ಟು ನಿಧಾನವಾಗುತ್ತದೆ, ಆದರೆ ಅಳತೆ ಮೀರಿದರೆ ಚಿತ್ರ ಸಂಜೆಯವರೆಗೂ ಬೆಲ್ಲದ ಪಾಕದಂತೆ ಅಂಟುತ್ತಲೇ ಇರುತ್ತದೆ.

ಬಣ್ಣಗಳು ಐದು ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೋ ಮತ್ತು ಒಂದು ಕೆಂಪು. ಕಪ್ಪು ಟ್ಯೂಬನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು. ಸ್ಯಾಪ್ ಗ್ರೀನ್ ಎಂಬ ಸಿದ್ಧ ಹಸಿರನ್ನು ಟ್ಯೂಬಿನಿಂದ ನೇರವಾಗಿ ಹಚ್ಚಿದ ಗದ್ದೆ ಪ್ಲಾಸ್ಟಿಕ್ ಹುಲ್ಲಿನಂತೆ ಕಾಣುತ್ತದೆ. ಸಸಿಮಡಿಯ ಎಳೆಹಸಿರಿಗೆ ಲೆಮನ್ ಯೆಲ್ಲೋವಿನಲ್ಲಿ ನೀಲಿಯ ಚೂರು, ಬೆಳೆದ ಪೈರಿಗೆ ನೀಲಿ ಇನ್ನಷ್ಟು, ತೆನೆ ಬಂದ ಮೇಲೆ ಬರ್ನ್ಟ್ ಸಿಯೆನ್ನಾದ ಒಂದು ಹನಿ, ಹೀಗೆ ಕಲಸುತ್ತ ಹೋದರೆ ಕಾಲುವೆ ನೀರಿನ ಎರಡೂ ಬೆಳೆಗಳ ಹಸಿರು ಕೈಗೆ ಬರುತ್ತದೆ.

ಬಂಡೆ ಬರೆಯುವ ಬಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಸೀಮೆಯ ಚಿತ್ರ ನಿಲ್ಲುವುದೂ ಬೀಳುವುದೂ ಬಂಡೆಯಲ್ಲಿಯೇ. ಈ ಬಂಡೆಗಳನ್ನು ಯಾರೋ ತಂದು ಪೇರಿಸಿಟ್ಟಂತೆ ಕಾಣುತ್ತದೆ. ವಾಲಿ ಸುಗ್ರೀವರು ಒಬ್ಬರ ಮೇಲೊಬ್ಬರು ಎಸೆದಾಡಿದ ಕಲ್ಲುಗಳೆಂದು ಜನ ಹೇಳುತ್ತಾರೆ. ಬಂಡೆಗಳು ಹುಟ್ಟಿದ ಬಗೆಯನ್ನು ತಿಳಿದರೆ ಕೈಗೆ ಬಹಳ ಸುಲಭವಾಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಗ್ರಾನೈಟ್ ಒಂದೇ ಇಡಿಯಾಗಿದ್ದು, ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳು ಬಿಟ್ಟು ದೊಡ್ಡ ದೊಡ್ಡ ಪೆಟ್ಟಿಗೆಗಳಂತೆ ಭಾಗವಾಯಿತು. ಆ ಬಿರುಕುಗಳಲ್ಲಿ ನೀರಿಳಿದು ಕಲ್ಲನ್ನು ಸವೆಸಿತು. ಪೆಟ್ಟಿಗೆಯ ಮುಖಕ್ಕೆ ಒಂದೇ ಕಡೆಯಿಂದ ಸವೆತ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಆದ್ದರಿಂದ ಮೂಲೆಗಳು ಬೇಗ ಸವೆದು ಪೆಟ್ಟಿಗೆ ಗುಂಡಗಾಯಿತು, ನಡುವಿನ ಪುಡಿ ಮಳೆಯಲ್ಲಿ ಕೊಚ್ಚಿಹೋಯಿತು, ಬಂಡೆಗಳು ಇದ್ದಲ್ಲಿಯೇ ಒಂದರ ಮೇಲೊಂದು ಉಳಿದವು.

ಬರೆಯುವಾಗಲೂ ಇದೇ ಕ್ರಮವನ್ನು ಅನುಸರಿಸಬೇಕು. ಮೊದಲು ಗುಂಡು ಬರೆಯಬಾರದು. ಪೆನ್ಸಿಲ್ಲಿನಿಂದ ತೆಳುವಾಗಿ ಪೆಟ್ಟಿಗೆಯನ್ನೇ ಬರೆದು, ಬೆಳಕು ಬೀಳುವ ಮೇಲ್ಮುಖ, ಪಕ್ಕದ ಮುಖ, ನೆರಳಿನ ಮುಖ ಮೂರನ್ನೂ ಗುರುತಿಸಿಕೊಂಡು, ಆಮೇಲೆ ಮೂಲೆಗಳನ್ನು ಸವೆಸಬೇಕು. ಒಂದು ಬಂಡೆಯ ಬಿರುಕು ಪಕ್ಕದ ಬಂಡೆಯ ಅಂಚಿಗೆ ಸಮನಾಗಿ ಹೋಗುತ್ತಿದೆಯೇ ಎಂದು ನೋಡಬೇಕು. ಅನೇಕ ಸಲ ಹೋಗುತ್ತಿರುತ್ತದೆ, ಏಕೆಂದರೆ ಒಂದು ಕಾಲಕ್ಕೆ ಅವೆರಡೂ ಒಂದೇ ಕಲ್ಲು. ಈ ಸಾಲು ಸಿಕ್ಕಿದರೆ ಗುಡ್ಡ ಕಟ್ಟಿಕೊಳ್ಳುತ್ತದೆ, ಸಿಗದಿದ್ದರೆ ಸಂತೆಯಲ್ಲಿ ಸುರುವಿದ ಕುಂಬಳಕಾಯಿಯ ರಾಶಿಯಾಗುತ್ತದೆ.

ಕುಂಚ ಹಿಡಿಯುವ ಮೊದಲು ಕಣ್ಣನ್ನು ಅರೆಮುಚ್ಚಿ ನೋಡಿ, ಅಂಗೈಯಗಲದ ಚೌಕದಲ್ಲಿ ಕಪ್ಪು, ಬೂದಿ, ಬಿಳಿ ಎಂಬ ಮೂರೇ ಛಾಯೆಗಳಲ್ಲಿ ಒಂದು ಚಿಕ್ಕ ಚಿತ್ರ ಮಾಡಿಕೊಳ್ಳಬೇಕು. ಇದಕ್ಕೆ ಐದು ನಿಮಿಷ ಸಾಕು, ಆದರೆ ಇದನ್ನು ಬಿಟ್ಟವರ ಚಿತ್ರ ಮುಕ್ಕಾಲು ಪಾಲು ಹಾದಿ ತಪ್ಪುತ್ತದೆ. ನೆರಳಿನ ಗಡಿಯನ್ನು ಚಿತ್ರದ ಹಾಳೆಯಲ್ಲಿ ಮೊದಲ ಹತ್ತು ನಿಮಿಷದಲ್ಲಿಯೇ ಗೆರೆ ಎಳೆದು ಕಟ್ಟಿಹಾಕಬೇಕು. ಅನಂತರ ನಿಜವಾದ ನೆರಳು ಎಷ್ಟೇ ಚೆಂದವಾಗಿ ಸರಿದುಹೋದರೂ ಅದರ ಬೆನ್ನು ಹತ್ತಬಾರದು.

ಬೆಳಕಿನ ಮುಖಕ್ಕೆ ಓಕರಿನಲ್ಲಿ ಚೂರು ಬರ್ನ್ಟ್ ಸಿಯೆನ್ನಾ ಸೇರಿಸಿ, ತಿಳಿಮಜ್ಜಿಗೆಯಷ್ಟು ನೀರಾಗಿ ಹರಿಸಬೇಕು. ನೆರಳಿಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಎರಡನ್ನೂ ತಟ್ಟೆಯಲ್ಲಿ ಪೂರ್ತಿ ಕಲಸದೆ, ಕಾಗದದ ಮೇಲೆಯೇ ಕೂಡಿಕೊಳ್ಳಲು ಬಿಟ್ಟರೆ ಒಂದು ಕಡೆ ನೀಲಿಯೂ ಒಂದು ಕಡೆ ಕಂದೂ ಮಿನುಗುವ ಬೂದು ಬರುತ್ತದೆ. ಅಲ್ಟ್ರಾಮರೀನಿನ ಕಣಗಳು ಕಾಗದದ ತಗ್ಗಿನಲ್ಲಿ ಕೂಡುವುದರಿಂದ ಗ್ರಾನೈಟಿನ ತರಿ ತಾನಾಗಿ ಮೂಡುತ್ತದೆ. ನೆರಳಿನ ಕೆಳಭಾಗಕ್ಕೆ, ಹಸಿಯಿರುವಾಗಲೇ, ಬರ್ನ್ಟ್ ಸಿಯೆನ್ನಾ ಒಂದು ಹನಿ ಮುಟ್ಟಿಸಬೇಕು. ನೆಲದ ಕೆಂಪು ಬಂಡೆಯ ಹೊಟ್ಟೆಗೆ ಬಡಿದು ಬರುವ ಬೆಳಕು ಅದು, ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. ಮಳೆನೀರು ಇಳಿದು ಬಿದ್ದ ಕಪ್ಪು ಪಟ್ಟೆಗಳನ್ನು ಎಲ್ಲ ಒಣಗಿದ ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಎಳೆಯಲ್ಲಿ ಎಳೆಯಬೇಕು, ತಿದ್ದಬಾರದು.

ಕುಂಚ ಕೆಳಗಿಟ್ಟ ಮೇಲೆ

ಒಂಬತ್ತಕ್ಕೆ ಎಲ್ಲರ ಹಲಗೆಗಳನ್ನೂ ಒಂದು ಕಟ್ಟೆಗೆ ಆನಿಸಿ ಸಾಲಾಗಿ ಇಡುತ್ತೇವೆ. ಒಬ್ಬೊಬ್ಬರೂ ತಮ್ಮ ಚಿತ್ರದಲ್ಲಿ ಎಲ್ಲಿ ಸಿಕ್ಕಿಬಿದ್ದೆವೆಂದು ಮೊದಲು ತಾವೇ ಹೇಳಬೇಕು, ಆಮೇಲೆ ಉಳಿದವರ ಮಾತು. ಬೇರೆಯವರ ಕಾಗದದ ಮೇಲೆ ತನ್ನ ಕುಂಚ ಇಡುವುದನ್ನು ನಮ್ಮಲ್ಲಿ ಎಷ್ಟೇ ಹಿರಿಯರಿಗೂ ಬಿಡುವುದಿಲ್ಲ. ತೋರಿಸಬೇಕೆಂದರೆ ಬೇರೆ ತುಂಡಿನಲ್ಲಿ ತೋರಿಸಬಹುದು. ಈ ಒಂದು ನಿಯಮವಿಲ್ಲದ ಗುಂಪುಗಳು ಒಡೆದದ್ದನ್ನು ಕಂಡಿದ್ದೇನೆ. ಮಾತುಕತೆ ಅರ್ಧ ಗಂಟೆ ಮೀರದಿರಲಿ, ಏಕೆಂದರೆ ಅಷ್ಟರಲ್ಲಿ ಒಗ್ಗರಣಿ–ಮಿರ್ಚಿಯ ವಾಸನೆ ಬಂದು ಯಾರ ಗಮನವೂ ಚಿತ್ರದ ಮೇಲಿರುವುದಿಲ್ಲ.

ಕುಂಚ ತೊಳೆದ ನೀರನ್ನು ಗದ್ದೆಗೂ ಕಾಲುವೆಗೂ ಚೆಲ್ಲದೆ, ಮುಚ್ಚಳದ ಡಬ್ಬಿಯಲ್ಲಿ ವಾಪಸು ತರಬೇಕು. ಕೆಲವು ಹಳದಿ, ಕೆಂಪು ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಮನೆಗೆ ಬಂದ ಚಿತ್ರವನ್ನು ಅಂದೇ ತಿದ್ದಲು ಹೋಗಬಾರದು. ಎರಡು ದಿನ ಗೋಡೆಗೆ ಒರಗಿಸಿಟ್ಟು, ಒಳಗಿನ ಬೆಳಕಿನಲ್ಲಿ ನೋಡಿ, ಕಣ್ಣಿಗೆ ಚುಚ್ಚುವ ಒಂದು ಜಾಗವನ್ನು ಮಾತ್ರ ಸರಿಪಡಿಸಿ ಬಿಟ್ಟುಬಿಡಬೇಕು. ಹಿಂಬದಿಗೆ ಪೆನ್ಸಿಲ್ಲಿನಲ್ಲಿ ತಾರೀಖು, ಶುರುಮಾಡಿದ ಹೊತ್ತು, ಕುಳಿತ ಮರ, ಮುಖ ಮಾಡಿದ ದಿಕ್ಕು ಇಷ್ಟನ್ನು ಬರೆದಿಡಬೇಕು. ಮುಂದಿನ ವರ್ಷ ಅದೇ ತಿಂಗಳು ಜಾಗ ನೋಡಲು ಹೋಗುವವರ ಕೈಗೆ ಆ ಹಳೆಯ ಹಾಳೆಗಳನ್ನು ಕೊಟ್ಟರೆ, ಯಾವ ಹುಣಸೆಮರದ ನೆರಳು ಎಷ್ಟು ಗಂಟೆಯವರೆಗೆ ನಿಲ್ಲುತ್ತದೆಂಬ ಲೆಕ್ಕ ಅವರಿಗೆ ಅದರಲ್ಲಿಯೇ ಸಿಗುತ್ತದೆ.